ಜಯಣ್ಣನ ಲೈವ್, ನಮ್ಮವನ ಉಗ್ರಾಣ

ಮಂಗಳೂರಿನ ಕುಲಶೇಖರದ ಜಯಣ್ಣನಿಗೆ ಒಬ್ಬ ಮನುಷ್ಯ ನಂಬಿಕಸ್ಥನೋ ಅಲ್ಲವೋ ಎಂದು ತಿಳಿಯಲು ಅವನ ಮುಖ ನೋಡಬೇಕಾಗಿಲ್ಲ, ಅವನ ಕೆಲಸ ನೋಡುವುದಂತೂ ಬೇಡವೇ ಬೇಡ. ಅವನ ಅಜ್ಜಿಯ ಮನೆ ಎಲ್ಲಿ ಎಂದು ಗೊತ್ತಾದರೆ ಸಾಕು. ಮನೆಗೆ ಪೈಂಟ್ ಮಾಡಲು ಬಂದವನು ಏಣಿಯನ್ನು ಗೋಡೆಗೆ ಒರಗಿಸುವ ಮೊದಲೇ ಜಯಣ್ಣ ಶುರು ಮಾಡುತ್ತಾನೆ: "ನಿಮ್ಮ ಮೂಲ ಎಲ್ಲಿ? ತಾಯಿಯ ಮನೆ? ಓ, ಹಾಗಾದ್ರೆ ಗುರುಪುರದ ಗುಡ್ಡೆಮನೆಯವರು ನಿಮಗೆ ಎಂತ ಆಗ್ಬೇಕು?" ಗುಡ್ಡೆಮನೆಯವರು ಪೈಂಟರನ ಸೋದರಮಾವನ ಹೆಂಡತಿಯ ಕಡೆಯವರೆಂದು ತಿಳಿದದ್ದೇ ಜಯಣ್ಣನ ಮುಖ ಅರಳಿತು, ಒಳಗಿನಿಂದ ಚಾ ಬಂತು, ಮನೆಯ ಕೀಲಿಕೈ ಪೈಂಟರನ ಕೈ ಸೇರಿತು. ಆ ಮಹಾನುಭಾವ ಅಡುಗೆಮನೆಗೆ ಗೇಟಿನ ಪೈಂಟ್ ಬಳಿದು ಹೋದ. ವಾಸನೆಗೆ ಮನೆಯವರೆಲ್ಲ ಅಂಗಳದಲ್ಲಿ ಕೂತು ಊಟ ಮಾಡುವ ಹಾಗಾಯಿತು. "ಆದ್ರೂ ಜನ ಒಳ್ಳೆಯವ," ಎಂದ ಜಯಣ್ಣ, ಮೂಗಿಗೆ ಟವೆಲ್ ಹಿಡಿದುಕೊಂಡು.

ನಾನು ಅವನ ಪಕ್ಕದ ಮನೆಯವನು, ಶೈಲೇಶ. ಕದ್ರಿಯ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಬಾಯಿ ಸ್ವಲ್ಪ ಜೋರು ಎಂದು ಕೇರಿಯಲ್ಲಿ ಹೆಸರುಂಟು. ಜಯಣ್ಣನ ಪಕ್ಕದಲ್ಲಿ ಇಷ್ಟು ವರ್ಷ ಬದುಕಿಯೂ ಬಾಯಿ ಜೋರಾಗದವನು ಇದ್ದರೆ ಅವನನ್ನು ನನಗೆ ತೋರಿಸಿ, ಕಾಲಿಗೆ ಬೀಳುತ್ತೇನೆ.

ಜಯಣ್ಣನ ಕಸುಬು ಲೈವ್. ಗದ್ದೆ ಇದ್ದ ಮನೆಯಲ್ಲಿ ಹುಟ್ಟಿದವನು. ಗದ್ದೆ ಪಾಲಾಗಿ, ಪಾಲಿನ ಮೇಲೆ ರಸ್ತೆ ಹೋಗಿ, ಉಳಿದದ್ದರಲ್ಲಿ ಒಂದು ತೆಂಗಿನಮರವೂ ನೆಟ್ಟಗೆ ನಿಲ್ಲದಂತಾದಾಗ ಮದುವೆ ವೀಡಿಯೊ ಮಾಡುವವನೊಬ್ಬನ ಹಿಂದೆ ಲೈಟು ಹಿಡಿದುಕೊಂಡು ನಡೆದ. ಆಮೇಲೆ ಸ್ವಂತ ಕ್ಯಾಮರಾ ತಂದ. ಕ್ಯಾಸೆಟ್ ಹೋಗಿ ಸೀಡಿ ಬಂತು, ಸೀಡಿ ಹೋಗಿ ಪೆನ್‌ಡ್ರೈವ್ ಬಂತು, ಕೊನೆಗೆ ದುಬೈ ಕುವೈತಿನಲ್ಲಿದ್ದ ನೆಂಟರಿಗೆ ಯಾವುದೂ ಬೇಡವಾಯಿತು. ಮುಹೂರ್ತ ಆಗುತ್ತಿರುವಾಗಲೇ ನೋಡಬೇಕು ಎಂದರು. ಹಾಗೆ ಹುಟ್ಟಿದ್ದು ‘ಜಯ ಲೈವ್’ ಎಂಬ ಯೂಟ್ಯೂಬ್ ಚಾನೆಲ್. ಮದುವೆ, ಗೃಹಪ್ರವೇಶ, ಯಕ್ಷಗಾನ, ದೈವದ ನೇಮ, ಇಗರ್ಜಿಯ ಹಬ್ಬ, ಕೆಲವೊಮ್ಮೆ ಶವಸಂಸ್ಕಾರ, ಎಲ್ಲವೂ ಅದರಲ್ಲಿ ಬಂದವು. ಜಯಣ್ಣ ತಲೆಗೆ ಹೆಡ್‌ಫೋನ್ ಏರಿಸಿ ಕ್ಯಾಮರಾಗಳ ಚಿತ್ರ ಬದಲಾಯಿಸುತ್ತಾನೆ. ಅವನ ಹೆಂಡತಿ ಹೇಮಾಕ್ಷಿ ಅತ್ತಿಗೆ ಪಕ್ಕದಲ್ಲಿ ಕೂತು ಹೆಸರುಗಳನ್ನು ಟೈಪು ಮಾಡಿ, ಕೆಳಗೆ ಬರುವ ಕಮೆಂಟುಗಳಲ್ಲಿ ಕೆಟ್ಟದ್ದನ್ನು ಅಳಿಸುತ್ತಾರೆ. ಆ ಮನೆಯಲ್ಲಿ ತಲೆ ಇರುವುದು ಅವರಿಗೆ, ಹೆಡ್‌ಫೋನ್ ಇರುವುದು ಜಯಣ್ಣನಿಗೆ.

ಅವನ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ನಾನು. ಮೊದಲು ಅದರಲ್ಲಿ ಇದ್ದದ್ದು ಯಾರೋ ಪುಕ್ಕಟೆಗೆ ಕೊಟ್ಟ ಕಳ್ಳ ವಿಂಡೋಸ್. ಒಂದು ಮದುವೆಯಲ್ಲಿ, ಮದುಮಗಳು ತಾಯಿಯನ್ನು ತಬ್ಬಿ ಅಳುತ್ತಿರುವಾಗ, ಸಭಾಂಗಣದ ದೊಡ್ಡ ಪರದೆಯಲ್ಲಿ ‘ಇದು ಅಸಲಿಯಲ್ಲ’ ಎಂಬ ಇಂಗ್ಲಿಷ್ ಬರಹ ಮೂಡಿತು. ಹುಡುಗನ ಕಡೆಯವರು ಅದನ್ನು ತಮ್ಮ ಮೇಲೆ ಎಳೆದುಕೊಂಡು ಊಟದ ಹೊತ್ತಿಗೆ ದೊಡ್ಡ ಮಾತಾಯಿತು. ಮರುದಿನ ನಾನು ವಿಂಡೋಸ್ ತೆಗೆದು, ಅಸಲಿಯೇ ಪುಕ್ಕಟೆಗೆ ಸಿಗುವ ಲಿನಕ್ಸ್ ಹಾಕಿದೆ. ಅದರ ನಂತರದ ವಾರವೇ ಜಯಣ್ಣ ಊರಿಗೆಲ್ಲ ಬೋಧನೆ ಶುರು ಮಾಡಿದ. ಕ್ಷೌರದಂಗಡಿಯಲ್ಲಿ ಕೂತು, ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು, "ಇದಕ್ಕೆ ವೈರಸ್ ಬರುವ ಪ್ರಶ್ನೆಯೇ ಇಲ್ಲ ಮಾರಾಯ," ಎನ್ನುತ್ತಿದ್ದ. ಆ ಅಂಗಡಿಯವನ ಹತ್ತಿರ ಕಂಪ್ಯೂಟರೇ ಇರಲಿಲ್ಲ.

ಲಿನಕ್ಸಿನಲ್ಲಿ ಒಂದು ಒಳ್ಳೆಯ ವ್ಯವಸ್ಥೆಯುಂಟು. ಅದನ್ನು ತಯಾರಿಸಿ ಹಂಚುವವರು ತಮ್ಮದೇ ಒಂದು ಉಗ್ರಾಣ ಇಟ್ಟಿರುತ್ತಾರೆ. ಬೇಕಾದ ಸಾಫ್ಟ್‌ವೇರ್ ಅಲ್ಲಿಂದಲೇ ಬರಬೇಕು. ಹಲವರು ನೋಡಿ, ಪರೀಕ್ಷಿಸಿ, ಮೊಹರು ಹಾಕಿ ಅಲ್ಲಿಡುತ್ತಾರೆ. ಅದಕ್ಕೇ ಅಲ್ಲಿನ ಸರಕು ಸ್ವಲ್ಪ ಹಳತು. ಹೊಸತು ಬೇಕು, ಬೇರೆ ಬೇಕು ಎನ್ನುವವರಿಗೆ ಹೊರಗೆ ಖಾಸಗಿ ಉಗ್ರಾಣಗಳೂ ಉಂಟು. ಯಾರು ಬೇಕಾದರೂ ತೆರೆಯಬಹುದು. ಎರಡು ಸಾಲಿನ ಆಜ್ಞೆಯನ್ನು ಕಂಪ್ಯೂಟರಿಗೆ ಅಂಟಿಸಿ, ಪಾಸ್‌ವರ್ಡ್ ಒತ್ತಿ, ಅವರ ಮೊಹರನ್ನು ಒಪ್ಪಿಕೊಂಡರೆ ಮುಗಿಯಿತು. ಅಂದಿನಿಂದ ಅವರೂ ನಿಮ್ಮ ಮನೆಯೊಳಗಿನವರು.

ಜಯಣ್ಣನಿಗೆ ಬೇಕಾದದ್ದು ಹೂವು. ಸುರತ್ಕಲ್ ಕಡೆಯ ಇನ್ನೊಬ್ಬ ಲೈವಿನವನು ವಧೂವರರ ಹೆಸರಿನ ಮೇಲೆ ಮಲ್ಲಿಗೆಯ ಎಸಳು ಉದುರುವ ಹಾಗೆ ಮಾಡುತ್ತಿದ್ದ. ಗಿರಾಕಿಗಳು ಕೇಳಲು ಶುರು ಮಾಡಿದರು: "ನಿಮ್ಮಲ್ಲಿ ಹೂ ಬೀಳುದಿಲ್ವಾ?" ನಾನು ಹಾಕಿಕೊಟ್ಟಿದ್ದರಲ್ಲಿ ಹೂವು ಬೀಳುತ್ತಿರಲಿಲ್ಲ. ಹುಡುಕಿ ಹುಡುಕಿ ಜಯಣ್ಣ ಒಂದು ಖಾಸಗಿ ಉಗ್ರಾಣ ಕಂಡುಹಿಡಿದ. ಜಿತೇಶ್ ಎಂಬ ಹುಡುಗ ಮಸ್ಕತಿನಲ್ಲಿ ಕೂತು ನಡೆಸುವಂಥದ್ದು. ಪುಟದ ಮೂಲೆಯಲ್ಲಿ ‘ಮಂಗಳೂರು’ ಎಂದು ಬರೆದಿತ್ತು. ಜಯಣ್ಣನಿಗೆ ಅಷ್ಟು ಸಾಕಾಯಿತು.

"ಜಯಣ್ಣ, ಸ್ವಲ್ಪ ನಿಲ್ಲಿ," ಎಂದೆ ನಾನು. "ಇದು ಒಂದು ಪ್ರೋಗ್ರಾಮ್ ತಂದು ಹಾಕಿದ ಹಾಗೆ ಅಲ್ಲ. ಒಮ್ಮೆ ಇವನ ಉಗ್ರಾಣವನ್ನು ಸೇರಿಸಿದ್ರೆ, ಇವ ನಾಳೆ ಅಲ್ಲಿ ಎಂತ ಇಟ್ರೂ ನಿಮ್ಮ ಮಿಶಿನ್ ಅಪ್‌ಡೇಟ್ ಅಂತ ಹೇಳಿ ತಕೊಳ್ತದೆ. ಹೂವು ಮಾತ್ರ ಅಲ್ಲ. ನಿಮ್ಮ ಬ್ರೌಸರಿನ ಹೆಸರಿನಲ್ಲಿ ಬೇರೆ ಎಂತದ್ದೋ ಇಟ್ಟು, ಇದು ಹೊಸತು ಅಂತ ದೊಡ್ಡ ನಂಬರ್ ಹಾಕಿದ್ರೆ ಅದನ್ನೂ ತಕೊಳ್ತದೆ. ಅದೂ ಯಜಮಾನನ ಅಧಿಕಾರದಲ್ಲಿ ಒಳಗೆ ಬರ್ತದೆ."

"ಮೊಹರು ಉಂಟಲ್ಲ?"

"ಮೊಹರು ಇದ್ರೆ ಕಳಿಸಿದವ ಯಾರು ಅಂತ ಗೊತ್ತಾಗ್ತದೆ. ಒಳಗೆ ಎಂತ ಉಂಟು ಅಂತ ಗೊತ್ತಾಗುದಿಲ್ಲ."

"ಯಾರು ಅಂತ ಗೊತ್ತಾದ್ರೆ ಮತ್ತೆ ಎಂತ ಬೇಕು ಶೈಲು?" ಎಂದ ಜಯಣ್ಣ, ನನ್ನ ದಡ್ಡತನಕ್ಕೆ ಮರುಗುವವನಂತೆ. "ನಾನು ಹಾಗೆ ಸುಮ್ಮನೆ ಹಾಕುವವ ಅಲ್ಲ. ವಿಚಾರಿಸಿಯೇ ಹಾಕುದು."

ಅವನು ವಿಚಾರಿಸಿದ ಬಗೆಯನ್ನು ನೆನೆದರೆ ನನಗೆ ಇವತ್ತಿಗೂ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ನಮ್ಮ ತುಳುವರಲ್ಲಿ ‘ಬರಿ’ ಎಂಬುದೊಂದುಂಟು. ತಾಯಿಯ ಕಡೆಯಿಂದ ಇಳಿದು ಬರುವ ಕುಲದ ಗುರುತು ಅದು. ಒಂದೇ ಬರಿಯವರು ಎಲ್ಲೇ ಹುಟ್ಟಿರಲಿ, ಅಣ್ಣತಮ್ಮಂದಿರ ಲೆಕ್ಕ. ಸಂಬಂಧ ಮಾತಾಡುವಾಗ ಮೊದಲು ಕೇಳುವುದೇ ಅದನ್ನು. ಜಯಣ್ಣ ಅದನ್ನು ಸಾಫ್ಟ್‌ವೇರಿಗೂ ಕೇಳಿದ. ಮಸ್ಕತಿನ ಜಿತೇಶನಿಗೆ ಇಮೇಲ್ ಬರೆದು, ತಾಯಿಯ ಮನೆ ಯಾವುದು, ಬರಿ ಯಾವುದು, ಬಜಪೆಯ ಹತ್ತಿರ ಯಾರಾದರೂ ಗುರ್ತದವರುಂಟಾ ಎಂದೆಲ್ಲ ಕೇಳಿದ. ಜಗತ್ತಿನಲ್ಲಿ ಎಷ್ಟೋ ಜನ ಆ ಹುಡುಗನಿಗೆ ‘ಹೂವು ಬೀಳುತ್ತಿಲ್ಲ, ಸರಿಮಾಡು’ ಎಂದು ಬರೆದಿರಬಹುದು. ಅವನ ಅಜ್ಜಿಯನ್ನು ವಿಚಾರಿಸಿದವನು ಜಯಣ್ಣ ಒಬ್ಬನೇ ಎಂದು ನಾನು ಖಂಡಿತ ಹೇಳಬಲ್ಲೆ. ಪಾಪ, ಜಿತೇಶನಿಗೆ ತನ್ನ ಬರಿ ಗೊತ್ತಿರಲಿಲ್ಲ. ತಾಯಿಗೆ ಫೋನು ಮಾಡಿ ಕೇಳಿ, ಉತ್ತರ ಬರೆದ.

ಜಯಣ್ಣ ಬೇಲಿಯ ಆಚೆಯಿಂದಲೇ ಕೂಗಿದ: "ಶೈಲು! ನಮ್ಮದೇ ಬರಿ! ಹುಡುಗ ನನಗೆ ತಮ್ಮ ಆಗ್ಬೇಕು!"

ಇಷ್ಟಕ್ಕೇ ಬಿಡಲಿಲ್ಲ. ಹೇಮಾಕ್ಷಿ ಅತ್ತಿಗೆಯ ಚಿಕ್ಕಮ್ಮ ಯಾವುದೋ ಮದುವೆಯಲ್ಲಿ ಜಿತೇಶನ ತಾಯಿಯನ್ನು ಕಂಡು, ಮಾತಾಡಿಸಿ, ವರದಿ ಒಪ್ಪಿಸಿದರು: ಪಾಪದ ಹುಡುಗ, ಕುಡಿಯುವುದಿಲ್ಲ, ಊರಿಗೆ ಬಂದರೆ ದೈವದ ಕೆಲಸಕ್ಕೆ ತಪ್ಪದೆ ನಿಲ್ಲುತ್ತಾನೆ. ಎಲ್ಲ ಪರೀಕ್ಷೆಗಳೂ ಮುಗಿದವು. ಒಂದೇ ಒಂದು ಉಳಿದಿತ್ತು: ಆ ಉಗ್ರಾಣದಲ್ಲಿ ಇರುವುದು ಏನು? ಅದನ್ನು ಕೇಳುವುದು ಜಯಣ್ಣನ ಪ್ರಕಾರ ಮರ್ಯಾದೆಯ ಲಕ್ಷಣವಲ್ಲ. ತಮ್ಮನ ಮನೆಗೆ ಹೋಗಿ ಯಾರಾದರೂ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆಯೇ?

ಸುಳ್ಳು ಹೇಳಬಾರದು, ಹೂವು ಚೆನ್ನಾಗಿಯೇ ಉದುರಿತು. ವರ್ಷಗಟ್ಟಲೆ ಉದುರಿತು. ವಧೂವರರ ಮೇಲೆ, ಅವರ ಹೆಸರಿನ ಮೇಲೆ, ಒಂದು ಉತ್ತರಕ್ರಿಯೆಯಲ್ಲಿ, ನಿಲ್ಲಿಸಲು ಮರೆತದ್ದರಿಂದ, ತೀರಿಹೋದ ಅಜ್ಜನ ಫೋಟೊದ ಮೇಲೂ ಉದುರಿತು. ಜಯಣ್ಣನಿಗೆ ಅಪ್‌ಡೇಟ್ ಎಂಬುದು ಪೂಜೆಯಂತಾಯಿತು. ಪ್ರತಿ ಕಾರ್ಯಕ್ರಮದ ಮುಂಚಿನ ಸಂಜೆ ಕಂಪ್ಯೂಟರಿನ ಮುಂದೆ ಕೂತು, ಬಂದದ್ದನ್ನೆಲ್ಲ ಒಪ್ಪಿಕೊಂಡು ಎದ್ದೇಳುತ್ತಿದ್ದ. ಸುರಕ್ಷತೆಗೆ ಅಪ್‌ಡೇಟ್ ಮಾಡಬೇಕೆಂದು ನಾನೇ ಹೇಳಿದ್ದೆನಂತೆ. ಹೇಳಿದ್ದು ನಿಜ. ಒಳ್ಳೆಯ ಉಗ್ರಾಣದಿಂದ ಬರುವುದಕ್ಕೆ ಹೇಳಿದ್ದು.

ಇತ್ತ ಮಸ್ಕತಿನಲ್ಲಿ ಜಿತೇಶನಿಗೆ ಮದುವೆಯಾಯಿತು, ಮಗುವಾಯಿತು, ಮಗು ಅಳಲು ಶುರು ಮಾಡಿತು. ಪುಕ್ಕಟೆಗೆ ಹೂವು ಹಂಚುವ ಉತ್ಸಾಹ ಇಳಿಯಿತು. ಆಗ ಯಾರೋ ಒಬ್ಬ ಜಾಲದಲ್ಲಿ ಸಿಕ್ಕಿ, ನಾನು ಸಹಾಯ ಮಾಡುತ್ತೇನೆ ಎಂದ. ನಾಲ್ಕಾರು ದೋಷಗಳನ್ನು ನೀಟಾಗಿ ಸರಿಮಾಡಿಯೂ ಕೊಟ್ಟ. ಜಿತೇಶ ಉಗ್ರಾಣವನ್ನೂ ಮೊಹರನ್ನೂ ಅವನ ಕೈಗಿಟ್ಟು ಮಗುವನ್ನು ತೊಟ್ಟಿಲಿಗೆ ಹಾಕಲು ಹೋದ. ಪುಟದ ಕೆಳಗೆ ಒಂದು ಸಾಲು ಬರೆದ, ಇನ್ನು ಮುಂದೆ ಇದನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಎಂದು. ಅಂಗಡಿಯ ಬೋರ್ಡು ಅದೇ, ಬೀಗ ಅದೇ, ಮೊಹರು ಅದೇ. ಜಯಣ್ಣನ ಕಂಪ್ಯೂಟರಿಗೆ ಏನೂ ತಿಳಿಯಲಿಲ್ಲ, ತಿಳಿಯಲು ದಾರಿಯೂ ಇರಲಿಲ್ಲ. ಜಯಣ್ಣ ಮಾತ್ರ ತಪ್ಪದೆ ಪ್ರತಿ ದೀಪಾವಳಿಗೆ ಜಿತೇಶನಿಗೆ ಶುಭಾಶಯ ಕಳಿಸುತ್ತಿದ್ದ, ಅವನೂ ಕೈಮುಗಿದ ಚಿತ್ರ ಕಳಿಸುತ್ತಿದ್ದ.

ಹೀಗಿರುವಾಗ ಗ್ಲ್ಯಾಡಿಸ್ ಟೀಚರರ ಫೋನು ಬಂತು.

ಗ್ಲ್ಯಾಡಿಸ್ ಟೀಚರ್ ಕುಲಶೇಖರದ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಜಯಣ್ಣನಿಗೆ ಮಗ್ಗಿ ಕಲಿಸಿದವರು. ಈಗ ಗಂಡ ಗ್ರೆಗರಿಯವರ ಜೊತೆ ಬಜಪೆಯಲ್ಲಿ, ವಿಮಾನ ನಿಲ್ದಾಣದ ಹತ್ತಿರ ಇದ್ದಾರೆ. ಮಗಳು ಟಾನ್ಯಾಳ ಮದುವೆ ಲೆಸ್ಟರ್ ಎಂಬ ಹುಡುಗನ ಜೊತೆ ನಿಶ್ಚಯವಾಗಿತ್ತು. ಕರೆಯೋಲೆ ಹಂಚಿ ಆಗಿತ್ತು. ಅಷ್ಟರಲ್ಲಿ ಟೀಚರ್ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಶನ್ ಆಯಿತು. ಹಾಸಿಗೆಯಿಂದ ಅಲುಗಿಸಲೇಬಾರದು ಎಂದರು ಡಾಕ್ಟರು. ಮದುವೆ ಮುಂದೆ ಹಾಕೋಣವೆಂದರೆ ತಪಸ್ಸು ಕಾಲ ಹತ್ತಿರ ಬಂದಿತ್ತು; ಅದು ಶುರುವಾದರೆ ಈಸ್ಟರ್ ಕಳೆಯುವವರೆಗೆ ಇಗರ್ಜಿಯಲ್ಲಿ ಮದುವೆ ಇಲ್ಲ. ಈಸ್ಟರಿನ ಹೊತ್ತಿಗೆ ಲೆಸ್ಟರನ ರಜೆ ಮುಗಿದು ಅವನು ದೋಹಾದಲ್ಲಿರುತ್ತಾನೆ. ಒಬ್ಬಳೇ ಮಗಳ ಮದುವೆ ಕುಲಶೇಖರದ ಇಗರ್ಜಿಯಲ್ಲಿ, ತಾಯಿ ಬಜಪೆಯ ಮಂಚದಲ್ಲಿ.

"ಜಯ, ನನಗೆ ಬೇರೆ ಎಂತದೂ ಬೇಡ," ಎಂದರಂತೆ ಟೀಚರ್. "ಅವಳು ‘ಹೌದು’ ಅಂತ ಹೇಳುವಾಗ ನಾನು ನೋಡ್ಬೇಕು. ಅದೇ ಹೊತ್ತಿಗೆ ನೋಡ್ಬೇಕು. ಮತ್ತೆ ತಂದು ತೋರಿಸುದು ಬೇಡ."

"ನೀವು ಇಗರ್ಜಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತ ಹಾಗೆ ಕಾಣ್ಲಿಕ್ಕುಂಟು ಟೀಚರ್," ಎಂದ ಜಯಣ್ಣ. ಅವನ ಒಳ್ಳೆಯತನದ ಬಗ್ಗೆ ನನಗೆ ಯಾವತ್ತೂ ಸಂಶಯ ಬಂದದ್ದಿಲ್ಲ. ಅದೇ ಅಲ್ಲವೇ ತೊಂದರೆ? ಕೆಟ್ಟವನಾಗಿದ್ದರೆ ಯಾರಾದರೂ ಅವನ ಕೆಲಸವನ್ನು ಎರಡು ಸಲ ನೋಡುತ್ತಿದ್ದರು.

ಟೀಚರ್ ಮೇಲಿನ ಭಕ್ತಿಯಿಂದ ಜಯಣ್ಣ ಏನೆಲ್ಲ ಮಾಡಿದ! ಹೆಚ್ಚಿನ ಕ್ಯಾಮರಾ ತಂದ. ಎರಡು ಕಂಪೆನಿಯ ಸಿಮ್ ಹಾಕಿದ. ಕರೆಂಟು ಹೋದರೆ ಎಂದು ಜನರೇಟರ್ ತರಿಸಿದ. ಬಜಪೆಯಲ್ಲಿ ಟೀವಿ ಸರಿಯಾಗಿ ಕಾಣುತ್ತದೋ ಎಂದು ನೋಡಿಕೊಳ್ಳಲು ನನ್ನನ್ನು ಆಫೀಸಿಗೆ ರಜೆ ಹಾಕಿಸಿ ಅಲ್ಲಿಗೆ ಕಳಿಸಿದ. ಮದುವೆಯ ಹಿಂದಿನ ಸಂಜೆ ಸ್ನಾನ ಮಾಡಿ, ಹಣೆಗೆ ಗಂಧ ಹಚ್ಚಿ, ಕಂಪ್ಯೂಟರಿನ ಮುಂದೆ ಕೂತು ಅಪ್‌ಡೇಟನ್ನೂ ಮಾಡಿದ.

ಮದುವೆಯ ದಿನ ಬೆಳಿಗ್ಗೆ ನಾನು ಬಜಪೆಯಲ್ಲಿದ್ದೆ. ಟೀಚರ್ ಮಂಚದಲ್ಲೇ ಮದುವೆಯ ಸೀರೆ ಉಟ್ಟು, ಮುತ್ತಿನ ಸರ ಹಾಕಿಕೊಂಡು, ದಿಂಬಿಗೆ ಒರಗಿ ಕೂತಿದ್ದರು. ಅವರ ನಾದಿನಿ ಎಲೇನ್ ಬಾಯಿ ಜೊತೆಗಿದ್ದರು. ಉಳಿದವರೆಲ್ಲ ಇಗರ್ಜಿಗೆ ಹೋಗಿದ್ದರು. ವಿಮಾನ ಇಳಿಯುವಾಗಲೆಲ್ಲ ಕಿಟಕಿಯ ಗಾಜು ಅದುರುತ್ತಿತ್ತು, ಟೀಚರ್ ರಿಮೋಟ್ ಒತ್ತಿ ಧ್ವನಿ ಏರಿಸುತ್ತಿದ್ದರು. ಚಿತ್ರ ಸ್ವಚ್ಛವಾಗಿತ್ತು. ಗ್ರೆಗರಿಯವರು ಮಗಳ ಕೈಹಿಡಿದು ನಡೆಸಿಕೊಂಡು ಬಂದರು. ಹೆಸರಿನ ಮೇಲೆ ಮಲ್ಲಿಗೆ ಉದುರಿತು. "ಇದು ಯಾಕೆ ಮಧ್ಯೆ?" ಎಂದು ಟೀಚರ್ ಗೊಣಗಿದರು, ಆದರೆ ಕಣ್ಣು ತುಂಬಿಕೊಂಡಿತ್ತು. ಫಾದರ್ ಪ್ರವಚನ ಮುಗಿಸಿದರು. ವಧೂವರರು ಎದ್ದು ಮುಂದೆ ಬಂದು ಎದುರುಬದುರಾಗಿ ನಿಂತರು.

ಆಗ ಚಿತ್ರ ಒಮ್ಮೆ ಕಪ್ಪಾಗಿ, ಮತ್ತೆ ಬಂತು. ಬಂದಾಗ ಅಲ್ಲಿ ಇಗರ್ಜಿ ಇರಲಿಲ್ಲ. ಕೋಟು ಹಾಕಿದ ಬಿಳಿಯನೊಬ್ಬ ಕುರ್ಚಿಯಲ್ಲಿ ಕೂತು, ಕಂಪ್ಯೂಟರಿನೊಳಗೆ ಮಾತ್ರ ಇರುವ ಯಾವುದೋ ನಾಣ್ಯದ ಬಗ್ಗೆ ಇಂಗ್ಲಿಷಿನಲ್ಲಿ ಭಾಷಣ ಬಿಗಿಯುತ್ತಿದ್ದ. ಒಂದು ಕಳಿಸಿದರೆ ಎರಡಾಗಿ ವಾಪಸು ಕೊಡುತ್ತಾನಂತೆ. ‘ಜಯ ಲೈವ್’ ಎಂಬ ಹೆಸರೂ ಮಾಯವಾಗಿ ಅಲ್ಲಿ ಬೇರೆ ಏನೋ ಇತ್ತು.

"ಇದು ಯಾರು?" ಎಂದರು ಟೀಚರ್.

ನಾನು ಜಯಣ್ಣನಿಗೆ ಫೋನು ಹಚ್ಚಿದೆ. ತೆಗೆಯಲಿಲ್ಲ. ಟೀವಿಯ ಬದಿಯಲ್ಲಿ ಗಲ್ಫಿನ ನೆಂಟರ ಕಮೆಂಟುಗಳು ಮಾತ್ರ ನಿಲ್ಲದೆ ಬರುತ್ತಿದ್ದವು. ಒಬ್ಬರು ಕೋಟಿನವನ ಕೆಳಗೆ ‘ದೇವರು ನಿಮ್ಮಿಬ್ಬರನ್ನೂ ಆಶೀರ್ವದಿಸಲಿ’ ಎಂದು ಬರೆದರು. ‘ಇವರು ಲೆಸ್ಟರನ ಬಾಸ್ ಇರ್ಬೇಕು’ ಎಂದು ಇನ್ನೊಬ್ಬರು. ‘ಫಾದರ್ ಯಾವ ಊರಿನವರು? ಇಂಗ್ಲಿಷ್ ಚೆನ್ನಾಗಿ ಉಂಟು’ ಎಂದು ಮತ್ತೊಬ್ಬರು. ನನಗೆ ನಗು ಬಂತು ಎಂದು ಹೇಳಿದರೆ ಪಾಪ ಬರುತ್ತದೆ. ಟೀಚರ್ ಎರಡೂ ಕೈಯಲ್ಲಿ ರಿಮೋಟ್ ಹಿಡಿದು ಒಂದೊಂದೇ ಬಟನ್ ಒತ್ತುತ್ತಿದ್ದರು, ಯಾವುದೋ ಒಂದನ್ನು ಒತ್ತಿದರೆ ಮಗಳು ಸಿಕ್ಕಿಯಾಳು ಎಂಬಂತೆ.

ಇಗರ್ಜಿಯಲ್ಲಿ ನಡೆದದ್ದನ್ನು ಆಮೇಲೆ ಅತ್ತಿಗೆ ಹೇಳಿದರು. ಕೋಟಿನವನನ್ನು ಮೊದಲು ಕಂಡದ್ದು ಅವರೇ. ಗಂಡನ ಹೆಡ್‌ಫೋನ್ ಎಳೆದು ತೋರಿಸಿದರೆ, "ಇದು ಕ್ರಾಸ್ ಕನೆಕ್ಷನ್," ಎಂದನಂತೆ ಜಯಣ್ಣ. ಹಿಂದೆ ಲ್ಯಾಂಡ್‌ಲೈನಿನಲ್ಲಿ ಆಗುತ್ತಿತ್ತಲ್ಲ, ಹಾಗೆ ಯಾರದೋ ಲೈವ್ ನಮ್ಮ ಲೈವಿನೊಳಗೆ ಬಂದಿದೆ, ಈಗ ಹೋಗುತ್ತದೆ. ವಯರು ತೆಗೆದು ಹಾಕಿದ. ಸಿಮ್ ಬದಲಾಯಿಸಿದ. ಜನರೇಟರಿಗೆ ಒಮ್ಮೆ ಬೈದ. ಕೊನೆಗೆ ಅತ್ತಿಗೆಯೇ ತಮ್ಮ ಮೊಬೈಲಿನಿಂದ ನನಗೆ ವೀಡಿಯೊ ಕಾಲ್ ಮಾಡಿ, ಚಪ್ಪಲಿ ಬಿಟ್ಟು ನಡುವಿನ ದಾರಿಯಲ್ಲಿ ಮುಂದೆ ಓಡಿದರು. ನಾನು ನನ್ನ ಮೊಬೈಲನ್ನು ಟೀಚರರ ಮುಖದ ಮುಂದೆ ಹಿಡಿದೆ. ಅಷ್ಟು ಹೊತ್ತಿಗೆ ಮಾತು ಕೊಟ್ಟಾಗಿತ್ತು, ಉಂಗುರ ತೊಡಿಸಿಯೂ ಆಗಿತ್ತು. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ಜನರ ಬೆನ್ನುಗಳ ನಡುವೆ ಟಾನ್ಯಾಳ ತಲೆಯ ಬಿಳಿ ವೇಲ್ ಒಂದಿಷ್ಟು ಕಂಡಿತು.

"ಆಯ್ತಾ?" ಎಂದು ಕೇಳಿದರು ಟೀಚರ್.

"ಆಯ್ತು ಟೀಚರ್," ಎಂದೆ.

ಅವರು ರಿಮೋಟನ್ನು ಎಲೇನ್ ಬಾಯಿಯ ಕೈಗೆ ಕೊಟ್ಟು ಕಣ್ಣು ಮುಚ್ಚಿದರು. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅದೇ ಸಂಜೆ ಜಯಣ್ಣನ ಕಂಪ್ಯೂಟರನ್ನು ತೆರೆದು ನೋಡಿದೆ. ಬಹಳ ಹುಡುಕಬೇಕಾಗಲಿಲ್ಲ. ಹಿಂದಿನ ದಿನದ ಅಪ್‌ಡೇಟಿನಲ್ಲಿ ಹೂವಿನ ಹೊಸ ಆವೃತ್ತಿ ಬಂದಿತ್ತು, ಅದರ ಜೊತೆಗೆ ಹೂವಿಗೆ ಸಂಬಂಧವೇ ಇಲ್ಲದ ಒಂದು ಸಣ್ಣ ಪ್ರೋಗ್ರಾಮೂ ಬಂದಿತ್ತು. ಅದು ಬ್ರೌಸರಿನೊಳಗೆ ಕೂತು, ಜಯಣ್ಣ ಲಾಗಿನ್ ಆಗಿದ್ದ ಗುರುತನ್ನೇ ಹೊತ್ತುಕೊಂಡು ಹೋಗಿ ಯಾರಿಗೋ ಕೊಟ್ಟಿತ್ತು. ಪಾಸ್‌ವರ್ಡ್ ಕೂಡ ಬೇಕಾಗಲಿಲ್ಲ. ನೋಡುವವರು ತುಂಬಿರುವ ಹೊತ್ತು ನೋಡಿ ಅವರು ಚಾನೆಲನ್ನು ಕೈಗೆ ತೆಗೆದುಕೊಂಡರು. ಆ ಉಗ್ರಾಣ ಸೇರಿಸಿಕೊಂಡಿದ್ದ ಬೇರೆ ಊರಿನವರೂ ಜಾಲದಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದರು. ವಂಚನೆಯ ದೂರು ಹೋಗಿ ಚಾನೆಲೇ ಬಂದ್ ಆಯಿತು. ಅದರ ಜೊತೆಗೆ ಊರಿನ ಎಷ್ಟೋ ಮದುವೆಗಳು ಕಾಣದಾದವು. ಅವನ್ನು ವಾಪಸು ತರಲು ಅತ್ತಿಗೆ ಅರ್ಜಿಯ ಮೇಲೆ ಅರ್ಜಿ ಹಾಕತೊಡಗಿದರು.

ಜಯಣ್ಣನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳಿಸಿಕೊಂಡು ಅವನು ಆಡಿದ ಮೊದಲ ಮಾತು: "ಛೆ, ನಮ್ಮ ಬರಿಯವ ಹಾಗೆ ಮಾಡ್ಲಿಕ್ಕಿಲ್ಲ."

"ಕೇಳಿ ನೋಡಿ," ಎಂದೆ.

ಮಸ್ಕತಿಗೆ ಫೋನು ಹೋಯಿತು. ಜಗಲಿಯಲ್ಲಿ ಕೂತು ಸ್ಪೀಕರಿನಲ್ಲಿ ಹಾಕಿದ.

"ಅದನ್ನು ನಾನು ಬಿಟ್ಟು ಕಾಲ ಆಯ್ತಲ್ಲ ಅಣ್ಣಾ," ಎಂದ ಜಿತೇಶ್. "ಬೇರೆಯವರಿಗೆ ಕೊಟ್ಟೆ."

"ಯಾರಿಗೆ ಕೊಟ್ಟದ್ದು?"

"ಒಬ್ಬ ಇದ್ದ. ಒಳ್ಳೆ ಕೆಲಸ ಮಾಡ್ತಿದ್ದ."

"ಊರು ಯಾವುದು ಅವನಿಗೆ?"

"ಗೊತ್ತಿಲ್ಲ ಅಣ್ಣಾ."

"ಹೆಸರು?"

ಜಿತೇಶ ಹೇಳಿದ್ದು ಹೆಸರಾಗಿರಲಿಲ್ಲ. ಇಂಗ್ಲಿಷಿನ ನಾಲ್ಕು ಅಕ್ಷರ, ಅದರ ಹಿಂದೆ ಎರಡು ಅಂಕಿ. ಜಯಣ್ಣ ಕೆಂಪಾದ. ಚಾನೆಲ್ ಹೋದದ್ದಕ್ಕೆ ಅವನಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ. "ತಂದೆ ತಾಯಿ ಗೊತ್ತಿಲ್ಲದವನಿಗೆ ಕೊಟ್ಟೆಯಾ? ಒಂದು ಮಾತು ವಿಚಾರಿಸ್ಬಾರ್ದಾ ನೀನು?"

ಅಲ್ಲಿಯವರೆಗೆ ತಗ್ಗಿ ಮಾತಾಡುತ್ತಿದ್ದ ಹುಡುಗನ ದನಿ ಬದಲಾಯಿತು. "ಅಣ್ಣಾ, ತಪ್ಪು ನನ್ನದೇ. ಕಾಲಿಗೆ ಬೀಳ್ತೇನೆ. ಆದ್ರೆ ನೀವು ಇಷ್ಟು ವರ್ಷ ನನ್ನದನ್ನು ಹಾಕಿಕೊಂಡಿದ್ರಿ. ನನ್ನ ಅಜ್ಜಿಯ ಮನೆ ಕೇಳಿದ್ರಿ. ಬರಿ ಕೇಳಿದ್ರಿ. ಅದರ ಒಳಗೆ ಎಂತ ಉಂಟು, ಅದನ್ನು ಈಗ ಯಾರು ನೋಡಿಕೊಳ್ತಾರೆ, ಇದನ್ನು ಒಂದು ದಿನ ಕೇಳಿದ್ದುಂಟಾ? ನಾನು ಸತ್ತಿದ್ರೂ ನೀವು ಅಪ್‌ಡೇಟ್ ಮಾಡಿಕೊಂಡೇ ಇರ್ತಿದ್ರಿ."

ಜಯಣ್ಣ ಫೋನು ಇಟ್ಟ. ಅತ್ತಿಗೆ ಒಳಗಿನಿಂದ, "ಸರಿಯಾಗಿಯೇ ಹೇಳಿದ," ಎಂದರು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಜಯಣ್ಣ ಹಾರಿಬೀಳುತ್ತಿದ್ದ.

ಟೀಚರರ ಎದುರು ಹೋಗಲು ಅವನಿಗೆ ಧೈರ್ಯ ಬರಲು ವಾರಗಳೇ ಬೇಕಾದವು. ಕ್ಯಾಮರಾಗಳ ಒಳಗೆ ಮದುವೆ ಇಡಿಯಾಗಿ ಉಳಿದಿತ್ತು. ಅದನ್ನು ಪೆನ್‌ಡ್ರೈವಿಗೆ ಹಾಕಿ, ನನ್ನನ್ನೂ ಜೊತೆಗೆ ಕರೆದುಕೊಂಡು ಬಜಪೆಗೆ ಹೊರಟ. ಈ ಸಲ ಹೂವು ಹಾಕಿರಲಿಲ್ಲ.

ಟೀಚರ್ ಆಗ ಕುರ್ಚಿಯಲ್ಲಿ ಕೂರುವಷ್ಟು ಚೇತರಿಸಿಕೊಂಡಿದ್ದರು. ಟಾನ್ಯಾ ಗಂಡನ ಜೊತೆ ದೋಹಾಕ್ಕೆ ಹೋಗಿ ಆಗಿತ್ತು. ಗ್ರೆಗರಿಯವರು ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿದರು. ಪ್ರವಚನ ಮುಗಿಯಿತು. ವಧೂವರರು ಎದ್ದು ಮುಂದೆ ಬಂದರು. ಎದುರುಬದುರಾಗಿ ನಿಂತ ಮೇಲೆ, 'ಹೌದು' ಎನ್ನುವ ಮೊದಲು, ಟಾನ್ಯಾ ತಲೆ ತಿರುಗಿಸಿ ನೇರವಾಗಿ ಕ್ಯಾಮರಾವನ್ನು ನೋಡಿದಳು. ಅದರ ಆ ಕಡೆ ಅಮ್ಮ ಇದ್ದಾಳೆಂದು ಅವಳಿಗೆ ಹೇಳಿಟ್ಟವನು ಜಯಣ್ಣನೇ. ಅವಳು ಕೈಜೋಡಿಸಿ ತಲೆ ಬಾಗಿಸಿದಳು. ತುಟಿ ಅಲುಗಿತು. ಕೊಂಕಣಿಯಲ್ಲಿ ಆಶೀರ್ವಾದ ಕೇಳುವ ಮಾತು ಅದು. ಸ್ವಲ್ಪ ಹೊತ್ತು ಹಾಗೆಯೇ ಬಾಗಿ ನಿಂತಳು, ಅಮ್ಮ ಕೈ ಎತ್ತಲು ಬೇಕಾಗುವಷ್ಟು ಹೊತ್ತು.

"ನಿಲ್ಲಿಸಿ," ಎಂದರು ಟೀಚರ್. "ಆಗ ನನ್ನ ಟೀವಿಯಲ್ಲಿ ಆ ಕೋಟಿನವ ಇದ್ದ, ಅಲ್ವಾ?"

ಜಯಣ್ಣ ಅಳತೊಡಗಿದ. ಅಳುತ್ತಲೇ ಎಲ್ಲವನ್ನೂ ಹೇಳಿದ: ಹೂವು, ಜಿತೇಶ, ಬರಿ, ಆ ಹೆಸರಿಲ್ಲದವನು. "ನಮ್ಮವ ಅಂತ ನಂಬಿದೆ ಟೀಚರ್. ಒಳಗೆ ಎಂತ ಉಂಟು ಅಂತ ನೋಡ್ಲಿಲ್ಲ."

"ಮರ್ವಿನ್ ಬೇರೆ ಜನ ಗೊತ್ತು ಮಾಡಿದ್ದ," ಎಂದರು ಟೀಚರ್. ಮರ್ವಿನ್ ಅವರ ಮಗ. "ಆಸ್ಪತ್ರೆಗಳ ಮೀಟಿಂಗ್ ಎಲ್ಲ ಲೈವ್ ಮಾಡುವವರಂತೆ. ಒಂದು ನಿಂತ್ರೆ ಇನ್ನೊಂದು ದಾರಿ ಇಟ್ಟಿರ್ತಾರಂತೆ. ನಿನ್ನ ಮಿಶಿನಿನಲ್ಲಿ ಎಂತೆಂತ ಉಂಟು ಕೇಳಿ ಅಂತ ನನಗೆ ಹೇಳಿ ಹೇಳಿ ಸಾಕಾದ. ನಾನು ಕೇಳ್ಲೇ ಇಲ್ಲ. ಜಯ ನಮ್ಮ ಹುಡುಗ, ಅವನ ಅಮ್ಮನನ್ನು ನನಗೆ ಗೊತ್ತುಂಟು ಅಂತ ಹೇಳಿ ಮಗನ ಬಾಯಿ ಮುಚ್ಚಿಸಿದೆ."

ಗ್ರೆಗರಿಯವರು ಒಳಗೆ ಹೋಗಿ ಮದುವೆಯ ಕೇಕಿನ ತುಂಡು ತಂದು ನಮ್ಮಿಬ್ಬರ ಮುಂದೆ ಇಟ್ಟರು. ಟೀಚರ್ ಅದನ್ನು ತಾವೇ ಎತ್ತಿ ಜಯಣ್ಣನ ಕೈಯಲ್ಲಿಟ್ಟರು, ತಿನ್ನುವವರೆಗೂ ನೋಡುತ್ತಿದ್ದರು.

"ಮುಂದಿನ ವರ್ಷ ಮರ್ವಿನ್‌ನ ಮದುವೆ ಉಂಟು," ಎಂದರು. "ನೀನು ಬರ್ಲೇಬೇಕು, ಹೇಮಾಕ್ಷಿಯನ್ನೂ ಕರ್ಕೊಂಡು ಬರ್ಬೇಕು. ಊಟ ಮಾಡಿಯೇ ಹೋಗ್ಬೇಕು. ಕ್ಯಾಮರಾ ಮಾತ್ರ ತರ್ಬೇಡ."